ಸಾಲಿನ ತುದಿಯ ಕುವಬಾರಾ

ಟೋಕಿಯೊದ ಉಯೆನೊ ಉದ್ಯಾನದಲ್ಲಿ ಯಾವ ಚಿತ್ರಪ್ರದರ್ಶನ ನಡೆದರೂ, ‘ಸಾಲಿನ ಕೊನೆ ಇಲ್ಲಿ’ ಎಂಬ ಫಲಕವನ್ನು ಎತ್ತಿ ಹಿಡಿದು ಕಟ್ಟಕಡೆಯವರ ಪಕ್ಕದಲ್ಲಿ ನಿಲ್ಲುವವರು ಕುವಬಾರಾ. ಜನ ಸೇರಿದಂತೆಲ್ಲ ಅವರು ಹಿಂದೆ ಹಿಂದೆ ಸರಿಯಬೇಕು. ಹದಿನೆಂಟು ವರ್ಷದಲ್ಲಿ ಹೀಗೆ ಸರಿದದ್ದನ್ನೆಲ್ಲ ಕೂಡಿಸಿದರೆ ಒಸಾಕಾ ಮುಟ್ಟಿ, ಅಲ್ಲಿ ಊಟ ಮುಗಿಸಿ ಬರಬಹುದಿತ್ತು. ಒಂದು ವರ್ಷವಂತೂ ಚೆರ್ರಿ ಮೊಗ್ಗೊಡೆಯುವಾಗ ಸಾಲು ಸೇರಿದವರು ಬಾಗಿಲು ಮುಟ್ಟುವಷ್ಟರಲ್ಲಿ ಶರತ್ಕಾಲದ ಸೇವಂತಿಗೆ ಪ್ರದರ್ಶನ ಶುರುವಾಗಿತ್ತು. ಇಷ್ಟಾದರೂ ಕುವಬಾರಾ ಒಳಗೆ ಕಾಲಿಟ್ಟವರಲ್ಲ. ಹೊರಬಂದವರನ್ನು ಮಾತ್ರ ಬಿಡುವುದಿಲ್ಲ. “ಏನಮ್ಮಾ, ಆ ಚಿತ್ರದಲ್ಲಿರೋ ಹುಲಿ ಸಿಟ್ಟಲ್ಲಿದೆಯಾ, ನಿದ್ದೇಲಿದೆಯಾ?” “ಹುಲಿ ಎಲ್ಲಿ ಕಾಣ್ಸುತ್ತಜ್ಜಾ? ಮುಂದಿನೋರ ಬೋಳುತಲೆ ನೋಡ್ಕೊಂಡು ಬಂದೆ!” ಪ್ರತಿ ಪ್ರದರ್ಶನದ ಕೊನೆಯ ದಿನ, ಕೊನೆಯ ಗಳಿಗೆಯಲ್ಲಿ, ಅವರ ಹೆಂಡತಿ ಫುಮಿಯೆ ಬಂದು ಸಾಲು ಸೇರುತ್ತಾರೆ. ಹಿಂದೆ ಇನ್ಯಾರೂ ಬರುವುದಿಲ್ಲವಾದ್ದರಿಂದ, ಸಾಲಿನ ತುದಿಯ ಜೊತೆ ಫಲಕವೂ ಬಾಗಿಲಿನ ತನಕ ನಡೆಯುತ್ತದೆ. ಗಂಡಹೆಂಡಿರು ಅಕ್ಕಪಕ್ಕದಲ್ಲಿ ತುಟಿ ಎರಡು ಮಾಡದೆ ಸಾಗುತ್ತಾರೆ. ಆಕೆ ಒಳಗೆ ಹೋದ ಮೇಲೆ ಕಾವಲುಗಾರ ಯನಾಗಿ ಪ್ರತಿಸಲವೂ ರೇಗಿಸುತ್ತಾನೆ: “ನೀವೂ ಹೋಗ್ರೀ, ಫಲಕ ನಾನು ಹಿಡ್ಕೋತೀನಿ. ನಿಮ್ಮ ಕಣ್ಣಿಗೆ ತುಕ್ಕು ಹಿಡಿದಿರ್ಬೇಕು!” ಹೋದ ವಾರವೂ ಹಾಗೇ ಅಂದ. ಕುವಬಾರಾ ಕತ್ತು ನೀಳ ಮಾಡಿ ಬಾಗಿಲೊಳಗೆ ಇಣುಕಿ, ಥಟ್ಟನೆ ಮುಖ ತಿರುಗಿಸಿಕೊಂಡರು. “ಮೆಲ್ಲಗೆ ಮಾತಾಡಯ್ಯಾ, ಕೇಳಿಸ್ಕೊಂಡಾಳು. ಮನೇಲಿ ನಮ್ಮ ಮಾತೆಲ್ಲ ‘ಊಟ’, ‘ಸ್ನಾನ’, ‘ದೀಪ ಆರ್ಸು’ ಅನ್ನೋದರಲ್ಲೇ ಮುಗಿಯುತ್ತೆ. ಇಲ್ಲಿಗೆ ಬಂದ್ಹೋದ ದಿನ ಮಾತ್ರ, ಸಾರು ಆರಿದರೂ ಅವಳ ಮಾತು ಆರಲ್ಲ. ನಾನೂ ನೋಡ್ಬಿಟ್ರೆ, ನನಗೆ ಹೇಳೋಕೆ ಅವಳಿಗೆ ಏನಿರುತ್ತೆ?”