ಸೇರಿನ ಮೇಲಿನ ಗೋಪುರ

ಆಗ ನನ್ನ ಕೆಲಸ ಊರೂರಿನ ಸೇರುಗಳಿಗೆ ಇಂಗ್ರೇಜಿ ಸರಕಾರದ ಮುದ್ರೆ ಒತ್ತುವುದು. ಸಂಪಗಾಂವದ ಒಂದು ಕಣದಲ್ಲಿ ಒಡತಿ ಗಂಗವ್ವ ಆಯಗಾರರಿಗೆ, ಅಂದರೆ ಬಡಿಗ, ಕಂಬಾರ, ಕುಂಬಾರರಿಗೆ, ವರ್ಷದ ಪಾಲು ಅಳೆಯುತ್ತಿದ್ದಳು. ಅವಳ ಸೇರಿಗೆ ನೀರು ತುಂಬಿ ನನ್ನ ಸೇರಿಗೆ ಸುರಿದು ನೋಡಿದೆ. ಹನಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಒರೆಸಿ, ಮುದ್ರೆ ಒತ್ತಿ ಕೊಟ್ಟೆ.

ಅವಳು ಜೋಳ ತುಂಬಿದ್ದು ಮಾತ್ರ ಅಂಚಿನ ಮಟ್ಟಕ್ಕಲ್ಲ. ಎರಡೂ ಕೈಯಿಂದ ಏರಿಸುತ್ತಲೇ ಹೋದಳು. ಕಾಳಿನ ಮೇಲೆ ಕಾಳು ಕೂತು ಗೋಪುರವೇ ಎದ್ದಿತು. ಇನ್ನೇನು ಕುಸಿಯಿತು ಎಂದು ನಾನು ಉಸಿರು ಬಿಗಿಹಿಡಿದೆ. ಅದು ನಿಂತೇ ಇತ್ತು!

ಅಂಚಿನ ಮೇಲೆ ಉಳಿದ ಕಾಳನ್ನು ಸವರಿ ಮಟ್ಟ ಮಾಡುವ ಕೋಲು ಚಾಚಿ, "ಕಾಯ್ದೆ ಪ್ರಕಾರ ಸಪಾಟ ಅಳೀಬೇಕವ್ವಾ" ಎಂದೆ. ಆಯಗಾರರೆಲ್ಲ ನನ್ನ ಕೋಲನ್ನೇ ನೋಡತೊಡಗಿದರು.

"ನೀರಿಗೆ ಗೋಪುರ ನಿಲ್ಲೂದಿಲ್ರಿ ರಾವಸಾಹೇಬ್ರ, ಜ್ವಾಳಕ್ಕ ನಿಲ್ಲತೈತಿ. ನಿಂತಿದ್ದನ್ನ ಕೆಡವಿ ಕೊಟ್ರ ಅದು ಕೊಟ್ಟಂಗೇನ್ರಿ?"

"ಹಂಗಾರ ಈ ಕೋಲು?"

"ನಮ್ಮ ಮನಿಗೆ ಒಯ್ಯೂ ಜ್ವಾಳದ ಮ್ಯಾಲ ಎಳೀರಿ."

ಕೋಲು ಕೆಳಗಿಳಿಸಿದೆ. ನಾನು ಹೊರಡುವಾಗ ಗಂಗವ್ವ, "ಮುದ್ರಿ ಒತ್ತಾವ್ರೂ ಆಯಗಾರ್ರ ಆದ್ರಲ್ರಿ" ಎನ್ನುತ್ತ ನನ್ನ ಚೀಲಕ್ಕೂ ಒಂದು ಸೇರು ಜೋಳ ಹಿಡಿದಳು. ಗೋಪುರ ಮೊದಲಿನದಕ್ಕಿಂತ ಎತ್ತರವಿತ್ತು. ಕೋಲು ನನ್ನ ಕಂಕುಳಲ್ಲೇ ಇತ್ತು. ಕಾಯ್ದೆ ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ.