ಬತ್ತೈತಾ, ಇಲ್ವಾ?

ಕುರ್ಚಿಯಲ್ಲಿ ಕೂತರೆ ರೇಷ್ಮೆ ಅಮ್ಮನ ಎರಡೂ ಪಾದಗಳು ಒಂದಾದ ಮೇಲೊಂದು ನೆಲವನ್ನು ಒತ್ತುತ್ತಿದ್ದವು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವವರ ಕಾಲು ಅದು. ಮಗ್ಗ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ಸುದ್ದಿ ಕಾಲಿಗೆ ಮುಟ್ಟಿರಲಿಲ್ಲ. ವಿಮಾನ ನಿಲ್ದಾಣದ ನುಣ್ಣನೆಯ ನೆಲದ ಮೇಲೆ ಅವರ ಚಪ್ಪಲಿ ಕೀಚ್ ಕೀಚ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತವರು ಒಮ್ಮೆ ಕಾಲನ್ನೂ ಒಮ್ಮೆ ಮುಖವನ್ನೂ ನೋಡಿ ಮೆಲ್ಲಗೆ ಬೇರೆ ಕುರ್ಚಿಗೆ ಹೋಗುತ್ತಿದ್ದರು.

ನಾನು ಆಗ ಸೇಲಂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೆಲಸಕ್ಕಿದ್ದೆ. ಕಡಯಂಪಟ್ಟಿಗೆ ಹೋಗುವ ದಾರಿಯ ಬಯಲಲ್ಲಿರುವ ಸಣ್ಣ ನಿಲ್ದಾಣ ಅದು. ನಮ್ಮ ಕಂಪನಿಯದು ದಿನಕ್ಕೆ ಒಂದೇ ವಿಮಾನ, ಚೆನ್ನೈಯಿಂದ ಬಂದು ಚೆನ್ನೈಗೇ ಹೋಗುವುದು. ನನ್ನೂರು ಪೆನ್ನಾಗರಂ ಕಡೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೌಂಟರಿನಲ್ಲಿ ಇಂಗ್ಲಿಷು. ಕನ್ನಡದ ಅಕ್ಷರ ಕಲಿತದ್ದು ಎಷ್ಟೋ ಆಮೇಲೆ, ಹೊಸೂರಿನಲ್ಲಿರುವ ನಮ್ಮಕ್ಕನ ಮಕ್ಕಳ ಪುಸ್ತಕ ನೋಡಿಕೊಂಡು.

ಅವರು ಸೇಲಂನ ನೇಕಾರರ ಮನೆತನದವರು, ಮನೆಮಾತು ಕನ್ನಡ. ಗಂಡ ತೀರಿಕೊಂಡ ಮೇಲೆ ಬೀದಿಯ ಮಗ್ಗಗಳಲ್ಲಿ ನೇಯ್ದ ರೇಷ್ಮೆ ಸೀರೆಗಳನ್ನು ಚೆನ್ನೈಯ ಅಂಗಡಿಗಳಿಗೆ ತಾವೇ ಒಯ್ದು ತೋರಿಸಿ ಬರುವ ವ್ಯಾಪಾರ ಹಿಡಿದಿದ್ದರು. ವಾರಕ್ಕೊಮ್ಮೆಯಾದರೂ ಹೋಗಿಬರುತ್ತಿದ್ದರು. ನಾವು ಕೌಂಟರಿನವರು ಅವರನ್ನು ರೇಷ್ಮೆ ಅಮ್ಮ ಎನ್ನುತ್ತಿದ್ದೆವು. ಬಾಗಿಲು ತೆಗೆಯುವ ಮೊದಲೇ ಬಂದು ಗಾಜಿನಾಚೆ ನಿಂತಿರುತ್ತಿದ್ದರು. ಒಳಗೆ ಬಂದವರೇ ಕೇಳುವ ಮೊದಲ ಮಾತು:

"ಏನ್ ಕಣ್ಣು, ಬತ್ತೈತಾ, ಇಲ್ವಾ? ನಿಜಾ ಯೋಳು."

ಕಣ್ಣು ಎಂದರೆ ನಮ್ಮ ಕಡೆ ಮುದ್ದಿನ ಕರೆ. ಆದರೆ ಅವರ ಬಾಯಲ್ಲಿ ಅದು ಮುದ್ದಿನ ಹಾಗೆ ಕೇಳುತ್ತಿರಲಿಲ್ಲ. ಸೀಟು ಕಿಟಕಿಯ ಪಕ್ಕದ್ದಾದರೆ ಕಾಲು ಚಾಚಲು ಜಾಗವಿಲ್ಲ, ಓಡಾಡುವ ದಾರಿಯ ಪಕ್ಕದ್ದಾದರೆ ತಳ್ಳುಗಾಡಿ ಮೊಣಕೈಗೆ ತಾಗುತ್ತದೆ ಎಂಬ ದೂರು. ವಿಮಾನ ಇಳಿದು ಇನ್ನೂ ಓಡುತ್ತಿರುವಾಗಲೇ ಎದ್ದು ನಿಂತು ಗಗನಸಖಿಯರಿಂದ ಬೈಸಿಕೊಳ್ಳುತ್ತಿದ್ದರಂತೆ. "ನಿಮ್ ಫ್ಲೈಟು ಬಸ್ಸಿಗಿಂತ ಕಡೆ. ಬಸ್ಸಲ್ಲಾದ್ರೆ ಡ್ರೈವರ್ ಮುಖಾನಾದ್ರೂ ಕಾಣ್ತೈತೆ" ಎಂದು ನನಗೆ ಪ್ರತಿ ವಾರ ಹೇಳುವರು. ಹೇಳಿ ಮುಂದಿನ ವಾರ ಮತ್ತೆ ಬರುವರು.

ಆಮೇಲೆ ಕಂಪನಿ ದಿವಾಳಿಯಾಯಿತು. ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ವಿಮಾನ ತಡವಾಗಿ ಬರತೊಡಗಿತು, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಕೊನೆಗೆ ಒಂದು ಬೆಳಿಗ್ಗೆ ಚೆನ್ನೈಯ ಫೋನು ತೆಗೆಯುವವರೇ ಇರಲಿಲ್ಲ. ನನ್ನ ಜೊತೆಯವರು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟರು. ನಾನೊಬ್ಬಳೇ ಉಳಿದೆ. ಕೌಂಟರಿನ ಮುಂದೆ ಜನ ಕೂಗಾಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ರೇಷ್ಮೆ ಅಮ್ಮನೇ.

ನನಗೆ ಸಾಕಾಗಿ ಹೋಗಿತ್ತು. "ಅಮ್ಮಾ, ಇನ್ ಬರಾಕಿಲ್ಲ. ಇವತ್ತೂ ಬರಾಕಿಲ್ಲ, ನಾಳೆನೂ ಬರಾಕಿಲ್ಲ. ಕಂಪನಿ ಮುಳುಗೋಯ್ತು. ಬಸ್ಸಿಗೆ ಓಗಿ" ಎಂದೆ.

ಅವರ ಬಾಯಿ ಟಪ್ಪನೆ ಮುಚ್ಚಿತು. ನನ್ನನ್ನೇ ನೋಡಿದರು. ಆಮೇಲೆ ತಿರುಗಿ ಹಿಂದಿದ್ದವರಿಗೆ ತಮಿಳಿನಲ್ಲಿ ಹೇಳಿದರು: "ಕಂಪನಿ ಮುಳುಗೋಯ್ತಂತೆ. ಈ ಮಗೂನ ಬೈದ್ರೆ ಫ್ಲೈಟ್ ಬತ್ತೈತಾ? ಒರಡಿ." ಸ್ವಲ್ಪ ಮುಂಚೆ ತಾವೂ ಬೈಯುತ್ತಿದ್ದದ್ದು ಅವರಿಗೆ ಮರೆತೇಹೋಗಿತ್ತು. ಜನ ಕರಗುವವರೆಗೆ ಕೌಂಟರಿಗೆ ಬೆನ್ನು ಕೊಟ್ಟು ನಿಂತರು. ನಂತರ ನನ್ನನ್ನು ತಮ್ಮ ಕಾರಿನಲ್ಲೇ ಓಮಲೂರಿನ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ದಾರಿಯಲ್ಲಿ ನಾನು ಅತ್ತೆ. ಸಮಾಧಾನ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. "ಅಳೋದಾದ್ರೆ ಬೇಗ ಅತ್ಬುಡು, ಬಸ್ ಬಂದ್ಬುಡ್ತೈತೆ" ಎಂದರು.

ನಾನು ಧರ್ಮಪುರಿಯ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸಕ್ಕೆ ಸೇರಿದೆ. ಅವರು ರೈಲಿನಲ್ಲಿ, ಬಸ್ಸಿನಲ್ಲಿ ಚೆನ್ನೈಗೆ ಅಲೆಯತೊಡಗಿದರು. ಆಗಾಗ ಫೋನ್ ಮಾಡುತ್ತಿದ್ದರು. ನಾನು ಹೇಗಿದ್ದೇನೆ ಎಂದು ಕೇಳಲಿಕ್ಕಲ್ಲ. "ಯಾವಾಗ ಬತ್ತೈತಂತೆ ನಿನ್ ಫ್ಲೈಟು?" ಎಂದು, ಅದನ್ನು ನಾನೇ ಎಲ್ಲೋ ಬಚ್ಚಿಟ್ಟಿರುವ ಹಾಗೆ ಕೇಳುತ್ತಿದ್ದರು. "ನನಗೇನು ಗೊತ್ತಮ್ಮಾ" ಎಂದರೆ ಫೋನು ಇಟ್ಟುಬಿಡುತ್ತಿದ್ದರು.

ಕಂಪನಿಯನ್ನು ಬೇರೆ ಯಾರೋ ಕೊಂಡರು. ಹೆಸರು ಹಳೆಯದೇ, ಬಣ್ಣ ಹೊಸದು. ಹಳಬರಲ್ಲಿ ಕೆಲವರನ್ನು ಕರೆದರು, ನನ್ನನ್ನೂ ಕರೆದರು. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುವುದು ಎಂದರು. ತಮ್ಮನ ಕಾಲೇಜು ನನ್ನ ಕೆಲಸದ ಮೇಲೆಯೇ ನಿಂತಿತ್ತು. ಹೊಸ ಮ್ಯಾನೇಜರ್ ಚೆನ್ನೈಯವರು, ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರೇನಲ್ಲ. ವಿಮಾನ ತಡವಾದರೆ ಏನು ಹೇಳಬೇಕೆಂದು ನಮಗೆ ಬಾಯಿಪಾಠ ಮಾಡಿಸಿದರು: "ಸ್ವಲ್ಪ ಹೊತ್ತಿನಲ್ಲಿ ತಿಳಿಸುತ್ತೇವೆ." ಅದರ ಮೇಲೆ ಒಂದು ಮಾತೂ ಕೂಡದು. ಹೇಳುವಾಗ ನಗಬೇಕು.

ಮೊದಲ ವಾರದಿಂದಲೇ ಹಳೆಯ ಪ್ರಯಾಣಿಕರು ತೀರ್ಪು ಕೊಡಲು ಶುರುಮಾಡಿದರು. ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲಿನ ಯಜಮಾನರೊಬ್ಬರು ಇದ್ದರು, ಮೂಳೆ ಡಾಕ್ಟರೊಬ್ಬರು ಇದ್ದರು. ಇಬ್ಬರೂ ಪ್ರತಿ ವಾರ ಚೆನ್ನೈಗೆ ಹೋಗುವವರೇ. ಯಜಮಾನರು ಸೀಟಿನ ಚರ್ಮವನ್ನು ಹೊಗಳುತ್ತಿದ್ದರು. ಟೀ ಈಗ ಬಾಯಿ ಸುಡುತ್ತದೆ ಎಂದು ಡಾಕ್ಟರಿಗೆ ಸಂತೋಷ. ರೇಷ್ಮೆ ಅಮ್ಮನನ್ನು ಕೇಳಿದರೆ ಕಾಲು ಆಡಿಸುತ್ತಲೇ, "ಮದ್ವೆ ಆದ್ ವಾರ ಎಲ್ಲಾ ಸೊಸೇರೂ ಒಳ್ಳೇವ್ರೇ. ನೋಡಾನ ಇರಿ" ಎನ್ನುತ್ತಿದ್ದರು.

ಒಂದು ದಿನ ಬೆಳಿಗ್ಗೆ ಅವರು ಸೀರೆಯ ಗಂಟಿಲ್ಲದೆ, ಬರಿಗೈಯಲ್ಲಿ ಬಂದರು. ಚೆನ್ನೈಯ ಆಸ್ಪತ್ರೆಯಲ್ಲಿ ತಂಗಿಗೆ ಸಂಜೆ ಆಪರೇಷನ್. ಅಷ್ಟರೊಳಗೆ ಹೋಗಿ ಮುಖ ನೋಡಬೇಕು. ವಿಮಾನದ ಹೊತ್ತು ಕಳೆಯಿತು. ಅವರು ಕೌಂಟರಿಗೂ ಕುರ್ಚಿಗೂ ನಡುವೆ ಓಡಾಡಿದರು. ಪ್ರತಿ ಸಲವೂ ನಾನು "ಸ್ವಲ್ಪ ಹೊತ್ತಿನಲ್ಲಿ ತಿಳಿಸುತ್ತೇವೆ" ಎಂದೆ. ಅಷ್ಟರಲ್ಲಿ ಚೆನ್ನೈಯಿಂದ ಫೋನ್ ಬಂತು. ಎಂಜಿನ್ ಕೆಟ್ಟಿದೆ, ಇವತ್ತು ಹೊರಡುವುದು ಅನುಮಾನ, ಆದರೆ ರದ್ದು ಎಂದು ಮೇಲಿನವರು ಹೇಳುವವರೆಗೆ ಯಾರಿಗೂ ಹೇಳಬೇಡಿ. ಮ್ಯಾನೇಜರ್ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ನಾನು ನೀರು ಕೊಡುವ ನೆಪದಲ್ಲಿ ಅವರ ಹತ್ತಿರ ಹೋದೆ. ಮ್ಯಾನೇಜರಿಗೆ ಕನ್ನಡ ಬಾರದು.

"ಅಮ್ಮಾ, ಬರಾಕಿಲ್ಲ. ಈಗ್ಲೇ ಕಾರಲ್ಲಿ ಒರಡಿ. ಯಾರ್ಗೂ ಯೋಳ್ಬೇಡಿ."

ಅವರು ಎದ್ದರು. ನೀರು ಕುಡಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲವರೆಗೆ ಸುಮ್ಮನೆ ಹೋದವರು ಅಲ್ಲಿ ನಿಂತು, ಇಡೀ ಹಾಲಿಗೆ ಕೇಳುವಂತೆ ತಮಿಳಿನಲ್ಲಿ ಕೂಗಿಬಿಟ್ಟರು: "ಫ್ಲೈಟ್ ಬರಾಕಿಲ್ಲ! ಯಾರಿಗೆ ಅವಸರ ಇದೆಯೋ ಬನ್ನಿ, ಕಾರಲ್ಲಿ ಜಾಗ ಇದೆ!"

ಡಾಕ್ಟರೂ ಇನ್ನಿಬ್ಬರೂ ಅವರ ಹಿಂದೆ ಓಡಿದರು. ಉಳಿದವರೆಲ್ಲ ಕೌಂಟರಿಗೆ ಮುಗಿಬಿದ್ದರು. ಯಾರು ಹೇಳಿದ್ದು ಎಂದು ಮ್ಯಾನೇಜರ್ ಎಲ್ಲರನ್ನೂ ಕೇಳಿದರು. ನಾನು ತಲೆ ತಗ್ಗಿಸಿ ಚೀಟಿ ಹರಿಯುತ್ತಿದ್ದೆ. ಅವರಿಗೆ ಗುಮಾನಿ ಬಂದಿತ್ತು, ಆದರೆ ಖಚಿತವಿರಲಿಲ್ಲ.

ಕೆಲವು ವಾರ ರೇಷ್ಮೆ ಅಮ್ಮ ಬರಲಿಲ್ಲ. ಬಂದಾಗ ಮತ್ತೆ ಗಂಟು, ಮತ್ತೆ ಅದೇ ಕಾಲು. "ತಂಗಿ ಎಂಗವ್ರೆ ಅಮ್ಮಾ?" ಎಂದು ಕೇಳಿದೆ. "ಆಯ್ತು ಕಣ್ಣು, ಎಲ್ಲಾ ಆಯ್ತು" ಎಂದು ಕಿಟಕಿಯ ಕಡೆ ತಿರುಗಿದರು. ಆಪರೇಷನ್ ಸರಿಯಾಗಿ ಆಯಿತೆಂದು ನಾನು ಅಂದುಕೊಂಡೆ.

ಆ ಹೊತ್ತಿಗೇ ಕಂಪನಿಯವರು ಸದಾ ಪ್ರಯಾಣ ಮಾಡುವವರನ್ನೆಲ್ಲ ಸೇಲಂನ ಒಂದು ಹೋಟೆಲಿಗೆ ಕರೆದರು. ಕೇಕು, ಬೋಂಡಾ, ಕಾಫಿ. ಚೆನ್ನೈಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ದಿವಾಳಿಗೆ ಮುಂಚಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ, ನಮ್ಮ ಸೇವೆ ಉತ್ತಮವಾಗಿದೆಯೇ, ಮನಬಿಚ್ಚಿ ಹೇಳಿ ಎಂದರು. ಬಂದವರಿಗೆ ಗುಲಾಬಿ ಹೂ ಕೊಡುತ್ತ ಬಾಗಿಲಲ್ಲಿ ನಾನು ನಿಂತಿದ್ದೆ. ಯಜಮಾನರು ಸೀಟಿನ ಬಗ್ಗೆ ಹೇಳಿದರು. ಡಾಕ್ಟರು ಟೀ ಬಗ್ಗೆ ಹೇಳಿದರು. ಚಪ್ಪಾಳೆಯಾಯಿತು.

ರೇಷ್ಮೆ ಅಮ್ಮ ಎದ್ದರು. ಅವರು ಮಾತಾಡಿದ್ದು ತಮಿಳಿನಲ್ಲಿ. ನನ್ನ ಕಿವಿಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ.

"ಸೀಟು ಚೆನ್ನಾಗೈತೆ, ಟೀ ಬಿಸಿ ಐತೆ, ಇಲ್ಲ ಅನ್ನಾಕಿಲ್ಲ. ಮುಂಚೆ ಫ್ಲೈಟ್ ಬರ್ದಿದ್ರೆ ಬರಾಕಿಲ್ಲ ಅಂತ ಮುಖದ್ ಮೇಲೆ ಯೋಳೋರು. ಈಗ ನಗ್ತಾರೆ. ನಗೋದು ಸರ್ವೀಸಾ? ನಿಮ್ಮಲ್ಲಿ ನಿಜಾ ಯೋಳ್ದೋಳು ಒಬ್ಳೇ ಒಬ್ಳು. ಅಗೋ, ಬಾಗ್ಲಲ್ಲಿ ಹೂ ಇಡ್ಕೊಂಡ್ ನಿಂತವ್ಳೆ. ಅವತ್ತು ಫ್ಲೈಟ್ ಬರಾಕಿಲ್ಲ ಅಂತ ನನ್ಗೆ ಯೋಳಿದ್ದು ಅವ್ಳೇ."

ಎಲ್ಲರೂ ನನ್ನ ಕಡೆ ತಿರುಗಿದರು. ಅಧಿಕಾರಿ ನಕ್ಕರು. ಮ್ಯಾನೇಜರ್ ನಗಲಿಲ್ಲ.

ಮರುದಿನ ನನ್ನನ್ನು ಕೌಂಟರಿನಿಂದ ತೆಗೆದು ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಲು ಹಾಕಿದರು. ಖಾಯಂ ಮಾಡುವ ಮಾತು ಇನ್ನು ಚೆನ್ನೈಯವರಿಗೆ ಬಿಟ್ಟದ್ದು ಎಂದರು. ಆ ವಾರ ರೇಷ್ಮೆ ಅಮ್ಮ ನನ್ನನ್ನು ಹುಡುಕಿಕೊಂಡು ಹಿಂದಕ್ಕೇ ಬಂದರು. "ಇಲ್ಲೇನ್ ಮಾಡ್ತಿದ್ದೀಯ?"

ನನಗೆ ತಡೆಯಲಾಗಲಿಲ್ಲ. "ನನ್ ಸುದ್ದಿ ಯಾಕೆ ಎತ್ತಿದ್ರಿ ಅಮ್ಮಾ? ಯಾರ್ಗೂ ಯೋಳ್ಬೇಡಿ ಅಂದಿರ್ಲಿಲ್ವಾ? ನೀವು ಹೊಗಳಿ ಒಂಟೋದ್ರಿ. ಇಲ್ಲಿ ನನ್ ಕೆಲ್ಸ ಓಗ್ತೈತೆ."

ಅವರು ಪೆಟ್ಟಿಗೆಯೊಂದರ ಮೇಲೆ ಕೂತರು. ನಾನು ಚೀಟಿ ಕಟ್ಟುತ್ತಲೇ ಇದ್ದೆ. ಕೊನೆಗೆ, "ನನ್ ಬಾಯಿ ನನ್ ಮಾತೇ ಕೇಳಾಕಿಲ್ಲ ಕಣ್ಣು" ಎಂದು ಎದ್ದು ಮ್ಯಾನೇಜರ ಕೋಣೆಗೆ ಹೋದರು. ನಡುವೆ ಇದ್ದದ್ದು ತೆಳುವಾದ ಹಲಗೆಯ ಗೋಡೆ. ಅವರು ಕೂಗಾಡುತ್ತಾರೆ, ಇನ್ನು ನನ್ನ ಕಥೆ ಮುಗಿಯಿತು ಎಂದು ನಾನು ಕಿವಿ ಮುಚ್ಚಿಕೊಳ್ಳುವುದರಲ್ಲಿದ್ದೆ. ಆದರೆ ತಮಿಳಿನಲ್ಲಿ ಆಡುತ್ತಿದ್ದ ಆ ದನಿ ತಗ್ಗಿಯೇ ಇತ್ತು. ಅವರಿಗೆ ಅಂಥ ದನಿಯೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ತಪ್ಪು ನಂದು ತಂಬಿ. ಕೂಗಿದ್ದು ನಾನು. ಅವ್ಳು ಬೇಡ ಅಂದಿದ್ಳು. ಆದ್ರೆ ಒಂದ್ ಮಾತ್ ಕೇಳು. ಅವತ್ತು ಅವ್ಳು ಯೋಳ್ದೆ ಓಗಿದ್ರೆ ನಾನು ಇಲ್ಲೇ ಕೂತಿರ್ತಿದ್ದೆ. ನನ್ ತಂಗೀನ ಒಳಕ್ಕೆ ತಳ್ಕೊಂಡ್ ಓಗೋ ಒತ್ತಿಗೆ ನಾನು ಓಗಿ ಕೈ ಇಡ್ಕೊಂಡೆ. 'ಬಂದ್ಯಾ ಅಕ್ಕಾ' ಅಂದ್ಳು. ಅಷ್ಟೇ. ಆಮೇಲೆ ಅವ್ಳು ಯಾರ್ ಜೊತೇನೂ ಮಾತಾಡ್ಲಿಲ್ಲ. ಒಳಗಿಂದ ಈಚೆಗ್ ಬಂದಿದ್ದು ಹೆಣ."

ಎಲ್ಲಾ ಆಯ್ತು ಎಂದು ಅವರು ಹೇಳಿದ್ದರ ಅರ್ಥ ನನಗೆ ತಿಳಿದದ್ದು ಆಗ. ಇಷ್ಟು ದಿನ ಆ ಮಾತನ್ನು ಅವರು ನನಗಾಗಲಿ, ಹೋಟೆಲಿನ ಸಭೆಯಲ್ಲಾಗಲಿ ಹೇಳಿರಲಿಲ್ಲ. ಎಲ್ಲವನ್ನೂ ಕೂಗಿ ಹೇಳುವ ಹೆಂಗಸು ಇದೊಂದನ್ನು ಒಳಗೇ ಇಟ್ಟುಕೊಂಡಿದ್ದರು. ನನ್ನ ಕೆಲಸಕ್ಕಾಗಿ ಅದನ್ನು ತೆಗೆದು ಪರಿಚಯವಿಲ್ಲದ ಹುಡುಗನ ಮೇಜಿನ ಮೇಲೆ ಇಟ್ಟರು.

ಮ್ಯಾನೇಜರ್ ಏನು ಹೇಳಿದರೋ ಕೇಳಿಸಲಿಲ್ಲ. ರೇಷ್ಮೆ ಅಮ್ಮ ಹೊರಗೆ ಬಂದಾಗ ಕಣ್ಣು ಒಣಗಿತ್ತು. "ಏನ್ ನೋಡ್ತೀಯ, ನನ್ ಗಂಟಿಗೆ ಚೀಟಿ ಕಟ್ಟು" ಎಂದು ಗದರಿದರು.

ಸೋಮವಾರ ನಾನು ಮತ್ತೆ ಕೌಂಟರಿನಲ್ಲಿದ್ದೆ. ಆರು ತಿಂಗಳು ತುಂಬಿದಾಗ ಖಾಯಂ ಆಯಿತು. ಬಾಯಿಪಾಠ ಹಾಗೇ ಇತ್ತು, ಅದು ಚೆನ್ನೈಯಿಂದ ಬಂದದ್ದು, ಮ್ಯಾನೇಜರ ಕೈಯಲ್ಲಿರಲಿಲ್ಲ. ಆದರೆ ವಿಮಾನ ಬರುವುದಿಲ್ಲ ಎಂದು ಗೊತ್ತಾದ ದಿನ ಅವರು ಕಾಫಿ ಕುಡಿಯಲು ಎದ್ದು ಹೋಗುತ್ತಿದ್ದರು. ಹೋಗುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ನಾನು ಒಬ್ಬೊಬ್ಬರಿಗೂ ಹೇಳಿ ಮುಗಿಸಿರುತ್ತಿದ್ದೆ. ಬೈಗುಳ ಕಡಿಮೆಯೇನೂ ಆಗಲಿಲ್ಲ. ಆದರೆ ಜನ ಬೈದು ಹೊರಟುಹೋಗುತ್ತಿದ್ದರು. ಮೊದಲಿನ ಹಾಗೆ ಬೈಯುತ್ತ ಕೂತಿರುತ್ತಿರಲಿಲ್ಲ.

ರೇಷ್ಮೆ ಅಮ್ಮ ಇನ್ನೊಂದೆರಡು ವರ್ಷ ಹಾಗೇ ಬಂದುಹೋದರು. ಕೊನೆಕೊನೆಗೆ ಗಂಟು ಹೊರಲು ಸೊಸೆ ಜೊತೆಗೆ ಬರುತ್ತಿದ್ದಳು. ಒಮ್ಮೆ ನಾನೇ ಕೇಳಿದೆ: "ಈಗ್ಲಾದ್ರೂ ಯೋಳಿ ಅಮ್ಮಾ, ನಮ್ ಸರ್ವೀಸ್ ಚೆನ್ನಾಗಾಯ್ತಾ, ಇಲ್ವಾ?"

"ಟೀ ಮತ್ತೆ ಆರೋಗೈತೆ" ಎಂದು ಅವರು ಮುಂದೆ ಹೋದರು.

ಹೋದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಕೌಂಟರಿನಲ್ಲಿದ್ದಾಗ ಅವರ ನಂಬರಿನಿಂದ ಫೋನ್ ಬಂತು. ತೆಗೆದೆ. ಮಾತಾಡಿದ್ದು ಸೊಸೆ. ಅವಳ ಹಿಂದೆ ಹೆಂಗಸರ ದನಿಗಳು ಕೇಳುತ್ತಿದ್ದವು.

"ಅಕ್ಕಾ, ಅತ್ತೆ ಯೋಳಿದ್ರು, ನಂಗೇನಾದ್ರೂ ಆದ್ರೆ ಆ ಹುಡ್ಗಿಗೆ ಸುತ್ತಿ ಬಳಸಿ ಯೋಳ್ಬೇಡಿ ಅಂತ. ಅತ್ತೆ ಓಗ್ಬುಟ್ರು ಅಕ್ಕಾ. ಬೆಳಗಿನ ಜಾವ."

ನಾನು ಫೋನು ಇಟ್ಟು ಮುಂದೆ ನಿಂತಿದ್ದ ಪ್ರಯಾಣಿಕರಿಗೆ ಅವರ ಚೀಟಿ ಕೊಟ್ಟೆ. ಮ್ಯಾನೇಜರ ಕೋಣೆಗೆ ಹೋಗಿ ಈಗಲೇ ರಜೆ ಬೇಕು ಎಂದೆ. ಯಾಕೆ ಎಂದರು.

"ಅಮ್ಮ ತೀರಿಕೊಂಡರು" ಎಂದೆ.

ಯಾವ ಅಮ್ಮ ಎಂದು ಅವರು ಕೇಳಲಿಲ್ಲ. ಎದ್ದು ತಮ್ಮ ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟರು.