ಬಿಚ್ಚದೆ ಕೊಂಡ ಕರಡಿಗೆ

ಬೆಳಗಾವಿಯ ಮುಜೀಬ ಭಾಯಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದೇನೆ. ಬರುವ ಗಿರಾಕಿಗಳನ್ನು ನೋಡಿ ನೋಡಿ ನನ್ನ ಸಿಟ್ಟು ಮೂಗಿನ ತುದಿಗೇ ಬಂದು ಕೂತಿದೆ. ಒಬ್ಬನಿಗೆ ತೊಟ್ಟಿಲು ಬೇಕು, ಶರಾಬಿನ ಬಾಟಲಿ ಜೋಡಿಸಲು. ಇನ್ನೊಬ್ಬಳು ಯಾರದೋ ಮದುವೆಯ ಫೋಟೋ ಕೊಂಡು, ‘ಇವರ ನಮ್ಮ ಅಜ್ಜಾ-ಅಜ್ಜಿ ಅಂತ ಗ್ವಾಡಿಗೆ ಹಾಕ್ತೀನ್ರಿ’ ಎಂದಳು. ನಾನು ಹಲ್ಲು ಕಡಿಯುತ್ತೇನೆ, ಭಾಯಿ ನಗುತ್ತಾರೆ. ಅವರು ನಗದೆ ಇದ್ದದ್ದನ್ನು ಒಂದೇ ಸಲ ನೋಡಿದ್ದೇನೆ, ಅದೂ ನನ್ನ ತಪ್ಪಿನಿಂದ.

ಖಾನಾಪುರದ ಓಂಕಾರ ಎಂಬವನು ಬೆಳ್ಳಿಯ ಕರಡಿಗೆ ತಂದಿದ್ದ. ನಾವು ಲಿಂಗಾಯತರು ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಡಬ್ಬಿ ಅದು.

‘ನಮ್ಮ ಅಜ್ಜಿದ್ರೀ. ಹ್ವಾದ ವಾರ ತೀರ್ಕೊಂಡ್ಲು,’ ಎಂದ.

ಯಾವ ಡಬ್ಬಿಯನ್ನೂ ಬಿಚ್ಚಿ ನೋಡದೆ ಕೊಳ್ಳಬಾರದು ಎಂಬುದು ಭಾಯಿಯ ಕಟ್ಟಳೆ. ನಾನು ಬಿಚ್ಚಲಿಲ್ಲ. ಸತ್ತವರ ಅಂಗೈಯಲ್ಲಿ ಲಿಂಗವಿಟ್ಟೇ ನಾವು ಮಣ್ಣು ಕೊಡುವುದು, ಮನೆಯಲ್ಲಿ ಉಳಿಯುವುದು ಬರೀ ಬೆಳ್ಳಿ. ಅಷ್ಟು ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಅವನ ಆಧಾರ್ ಕಾರ್ಡಿನ ಪ್ರತಿ ಇಸಿದುಕೊಂಡು ಕರಡಿಗೆಯನ್ನು ಕಪಾಟಿನಲ್ಲಿಟ್ಟೆ.

ಮರುದಿನ ಮಧ್ಯಾಹ್ನ, ರೆಸಾರ್ಟ್ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬ ಅದನ್ನು ಎತ್ತಿಕೊಂಡು ಬಿಚ್ಚಿದ. ಒಳಗೆ ಲಿಂಗ! ಸುತ್ತಿದ ಅರಿವೆಯಲ್ಲಿ ವಿಭೂತಿ, ಇನ್ನೂ ಹಸಿರಾಗಿದ್ದ ಬಿಲ್ವದ ಎಸಳು. ಹೋದ ವಾರ ಸತ್ತವಳು ಮೊನ್ನೆ ಪೂಜೆ ಮಾಡಿದ್ದಾಳೆ.

‘ಭಾಯಿ, ಮುದುಕಿ ಬದುಕ್ಯಾಳ್ರಿ. ಲಿಂಗಪೂಜಿ ಆಗಲಾರದ ಅಂಥೋರು ನೀರೂ ಮುಟ್ಟೂದಿಲ್ಲ,’ ಎಂದೆ.

‘ಕಲ್ಲಿನ ಸಮೇತ ಕೊಡ್ರಿ. ಟೇಬಲ್ ಮ್ಯಾಲ ಇಡಾಕ ಚೊಲೊ ಐತಿ,’ ಎಂದ ಗಿರಾಕಿ.

ಮುಜೀಬ ಭಾಯಿ ಎದ್ದು ನಿಂತರು. ‘ಅದನ್ನ ಕೆಳಗ ಇಡು. ಇಟ್ಟು ಹೊರಗ ನಡಿ.’

ಅವರು ಗಿರಾಕಿಗೆ ಏಕವಚನ ಬಳಸಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿದರು. ‘ತ್ರಿವೇಣಿ, ನಾ ಇದನ್ನ ಮುಟ್ಟೂದ ಬ್ಯಾಡ. ನೀನ ಅರಿವ್ಯಾಗ ಸುತ್ಕೋ. ಗಾಡಿ ಹತ್ತು.’

ಖಾನಾಪುರದವರೆಗೂ ಓಂಕಾರನನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಭಾಯಿ ಆಧಾರ್ ಪ್ರತಿಯಲ್ಲಿದ್ದ ವಿಳಾಸ ಹಿಡಿದು ಅವನ ಮನೆಯ ಮುಂದೆ ಗಾಡಿ ನಿಲ್ಲಿಸಿದರು.

ಅಜ್ಜಿ ಗೌರವ್ವ ಕಟ್ಟೆಯ ಮೇಲೆ ತುಟಿ ಒಣಗಿಸಿಕೊಂಡು ಕುಳಿತಿದ್ದರು. ಹಿಂದಿನ ದಿನ ಜಳಕಕ್ಕೆ ಹೋದಾಗ ತೆಗೆದಿಟ್ಟ ಲಿಂಗ ಕಾಣೆಯಾಗಿತ್ತು, ಆಗಿನಿಂದ ಗಂಟಲಿಗೆ ಹನಿ ನೀರು ಇಳಿದಿರಲಿಲ್ಲ. ಅಲ್ಲೇ ಓಂಕಾರ ಮೂಲೆ ಮೂಲೆ ಹುಡುಕುವ ನಾಟಕ ಆಡುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವವನು! ನನ್ನ ಮೈ ಉರಿಯಿತು.

ಮನೆಯಲ್ಲಿ ಜಗಳವಾಗದಿರಲೆಂದು ಭಾಯಿ, ‘ಬಸ್ ಸ್ಟ್ಯಾಂಡಿನ್ಯಾಗ ಸಿಕ್ತ್ರಿ ಅಮ್ಮಾ,’ ಎಂದರು.

ನನಗೆ ತಡೆಯಲಾಗಲಿಲ್ಲ. ‘ಸುಳ್ಳರೀ! ನೀವು ಸತ್ತೀರಿ ಅಂತ ಹೇಳಿ ನಿಮ್ಮ ಮೊಮ್ಮಗ ನನಗ ಮಾರ್ಯಾನ. ನಾನೂ ಬಿಚ್ಚಿ ನೋಡಲಿಲ್ಲ, ನಂದೂ ತಪ್ಪಾತ್ರಿ.’

ಗೌರವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಪೂಜೆ ಮುಗಿಸಿ, ನೀರು ಕುಡಿದು, ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡೇ ಹೊರಗೆ ಬಂದರು. ನಮ್ಮಿಬ್ಬರಿಗೂ ಚಾಪೆ ಹಾಸಿದರು.

‘ಕೈ ತೊಳ್ಕೊಂಡು ಕುಂದರ್ರಿ. ಉಂಡ ಹೋಗ್ರಿ.’

ಓಂಕಾರ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ. ಗೌರವ್ವ ಅನ್ನದ ಬೋಗುಣಿ ತಂದು ಅವನ ಕೈಗೆ ಕೊಟ್ಟರು.

‘ಎಲ್ಲಿ ಹೊಂಟಿ? ನೀಡು. ನಾ ಸತ್ತದ್ದರ ಊಟ ಇದು. ಮಣ್ಣು ಕೊಟ್ಟಾಂವನ ನೀಡಬೇಕು.’